ಹಲಗೆ ಹಾಸಿದ ಟ್ರೇಲರ್ ರಿಪೇರಿ ಮತ್ತು ಆರೈಕೆ: ಹಲಗೆ ಕೊನೇಲಿ ಹಾಕಿ

ಹೊಸ ಹಲಗೆ ಹಾಕಿ ಎರಡು ವರ್ಷ ಆಗಿಲ್ಲ, ಆಗ್ಲೇ ಮೆತ್ತಗಾಗಿದೆ, ಸ್ಕ್ರೂ ಎದ್ದು ಬರ್ತಿದೆ, ಅಂಚು ಬಾಗಿ ನೀರು ನಿಲ್ತಿದೆ ಅಂತ ಕೇಳೋರು ಕಮ್ಮಿ ಇಲ್ಲ. ವಿಚಾರಿಸಿದ್ರೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಕಥೆ: ಹಳೆ ಹಲಗೆ ಕಿತ್ತು ಅದೇ ಜಾಗಕ್ಕೆ ಹೊಸದು ಹೊಡೆದು ಮುಗಿಸಿರ್ತಾರೆ, ಅದರ ಕೆಳಗಿರೋ ಕಬ್ಬಿಣದ ಗತಿ ಏನು ಅಂತ ನೋಡಿರಲ್ಲ. ಹಲಗೆ ಸಾಮಾನ್ಯವಾಗಿ ಮೇಲ್ಮೈಯಿಂದ ಕೊಳೆಯೋಕೆ ಶುರುವಾಗಲ್ಲ. ಹಲಗೆ ಕಬ್ಬಿಣದ ಮೇಲೆ ಕೂತಿರೋ ಜಾಗ, ಕುಯ್ದ ತುದಿ, ಸ್ಕ್ರೂ ತೂತು, ಈ ಮೂರು ಕಡೆ ನೀರು ಹೋಗಿ ಒಣಗದೆ ಉಳಿಯುತ್ತೆ, ಅಲ್ಲಿಂದಾನೇ ಕೊಳೆ ಹಬ್ಬೋದು, ಅದೇ ನೀರು ಪಕ್ಕದ ಕಬ್ಬಿಣಕ್ಕೂ ತುಕ್ಕು ಹಿಡಿಸುತ್ತೆ.

ಹಾಗಾಗಿ ಈ ಕೆಲಸದಲ್ಲಿ ಮುಖ್ಯವಾದ್ದು ಕ್ರಮ. ಮೊದಲು ಪರೀಕ್ಷೆ, ಆಮೇಲೆ ಹಳೆ ಹಲಗೆ ತೆಗೆಯೋದು, ಫ್ರೇಮು, ಬಣ್ಣ, ಚಕ್ರ ಮತ್ತು ಬೇರಿಂಗು, ವೈರಿಂಗು, ಇಷ್ಟೆಲ್ಲ ಮುಗಿದ ಮೇಲೆ ಹೊಸ ಹಲಗೆ. ಹಲಗೆ ತೆಗೆದಿರುವಾಗ ಫ್ರೇಮಿನ ಎಲ್ಲಾ ಕಡೆಗೂ ಕೈ ಹೋಗುತ್ತೆ, ಆ ಅವಕಾಶ ಮತ್ತೆ ಹತ್ತು ಹದಿನೈದು ವರ್ಷ ಸಿಗಲ್ಲ. ಇಲ್ಲಿ ಹೇಳ್ತಿರೋದು ಕಾರು, ಜೀಪು, ಪಿಕಪ್ ಹಿಂದೆ ಕಟ್ಟಿ ಎಳೆಯೋ ಒಂದು ಅಥವಾ ಎರಡು ಆಕ್ಸಲ್ಲಿನ ಕಬ್ಬಿಣದ ಫ್ರೇಮಿನ ಟ್ರೇಲರ್ ಬಗ್ಗೆ.

ಬೇಕಾಗೋ ಸಾಮಾನು

ಎರಡು ಜ್ಯಾಕು, ನಾಲ್ಕು ಜ್ಯಾಕ್ ಸ್ಟ್ಯಾಂಡು, ಚಕ್ರಕ್ಕೆ ಕೊಡೋಕೆ ಮರದ ಗುಟ್ಟ. ಸುತ್ತಿಗೆ, ಚೂಪು ಸ್ಕ್ರೂಡ್ರೈವರ್, ತಂತಿ ಬ್ರಷ್, ಆಂಗಲ್ ಗ್ರೈಂಡರ್, ಡ್ರಿಲ್ಲು, ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಟಾರ್ಕ್ ರೆಂಚು, ಗರಗಸ, ಅಳತೆ ಟೇಪು, ಮೂಲೆಮಟ್ಟ, ಸೀಮೆಸುಣ್ಣ, ಮಲ್ಟಿಮೀಟರ್ ಇಲ್ಲಾಂದ್ರೆ ಕನಿಷ್ಠ ಒಂದು ಟೆಸ್ಟ್ ಲೈಟು. ಕಣ್ಣಿಗೆ ಕನ್ನಡಕ, ಕೈಗವಸು, ಧೂಳಿಗೆ ಒಳ್ಳೆ ಮಾಸ್ಕು. ಟಾರ್ಕ್ ರೆಂಚ್ ಇಲ್ದೆ ಅಂದಾಜಿನ ಮೇಲೆ ಚಕ್ರದ ನಟ್ಟು ಟೈಟ್ ಮಾಡೋದು ಬೇಡ, ಯಾರ ಹತ್ರನಾದ್ರೂ ಕೇಳಿ ತಗೊಂಡ್ರೂ ಸರಿ, ಇದೊಂದು ಇರಲೇಬೇಕು.

1. ಗಾಡಿಯಿಂದ ಬಿಡಿಸಿ ಭದ್ರವಾಗಿ ನಿಲ್ಲಿಸೋದು

ಟ್ರೇಲರ್ ಖಾಲಿ ಮಾಡಿ, ಗಟ್ಟಿಯಾದ ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಗುಟ್ಟ ಕೊಟ್ಟ ಮೇಲೇನೇ ಗಾಡಿಯಿಂದ ಬಿಡಿಸಿ. ಗುಟ್ಟ ಕೊಡೋಕೆ ಮುಂಚೆ ಬಿಡಿಸಿದ್ರೆ ಸ್ವಲ್ಪ ಇಳಿಜಾರಿದ್ರೂ ಸಾಕು, ಅದು ತನ್ನಷ್ಟಕ್ಕೆ ಹೊರಟುಬಿಡುತ್ತೆ.

ಎತ್ತಿದ ಮೇಲೆ ಫ್ರೇಮಿನ ಉದ್ದ ಚಾನಲ್ ಕೆಳಗೆ ಜ್ಯಾಕ್ ಸ್ಟ್ಯಾಂಡ್ ಕೊಡಿ, ಆಕ್ಸಲ್ ಹತ್ರ ಎರಡು, ಮೂತಿ (ಗಾಡಿಗೆ ಕಟ್ಟೋ ಮುಂದಿನ ಚಾಚು) ಕಡೆ ಒಂದು, ಹಿಂದೆ ಒಂದು. ಹಿಂದಿನದ್ದನ್ನ ಬಿಡಬೇಡಿ, ಒಂದೇ ಆಕ್ಸಲ್ಲಿನ ಟ್ರೇಲರ್ ಹಿಂದಿನ ತುದಿಗೆ ಯಾರಾದ್ರೂ ಹತ್ತಿದ್ರೆ ಮೂತಿ ಮೇಲೆದ್ದು ಮುಂದಿನ ಸ್ಟ್ಯಾಂಡು ಜಾರಿ ಬಿದ್ದುಹೋಗುತ್ತೆ. ಆಕ್ಸಲ್ ಪೈಪಿನ ನಡುಮಧ್ಯಕ್ಕೆ ಜ್ಯಾಕ್ ಇಟ್ಟು ಎತ್ತಬೇಡಿ, ಪೈಪ್ ಬಾಗಿದ್ರೆ ಆಮೇಲೆ ಟೈರು ಒಂದೇ ಕಡೆ ಸವೆಯುತ್ತೆ. ಬರೀ ಜ್ಯಾಕ್ ಮೇಲೆ ನಿಂತಿರೋ ಟ್ರೇಲರ್ ಕೆಳಗೆ ಒಂದು ನಿಮಿಷಕ್ಕೂ ಹೋಗಬೇಡಿ.

2. ಪರೀಕ್ಷೆ: ಹಲಗೆ ಮೊದಲು, ಫ್ರೇಮು ಆಮೇಲೆ

ಸ್ಕ್ರೂಡ್ರೈವರ್ ತಗೊಂಡು ಪ್ರತಿ ಹಲಗೆಯನ್ನ ಅಡ್ಡಪಟ್ಟಿ (ಫ್ರೇಮಿಗೆ ಅಡ್ಡಲಾಗಿರೋ ಕಬ್ಬಿಣದ ಪಟ್ಟಿ) ಮೇಲೆ ಕೂತಿರೋ ಜಾಗದಲ್ಲಿ, ತುದಿಗಳಲ್ಲಿ, ಸ್ಕ್ರೂ ಸುತ್ತ ಚುಚ್ಚಿ ನೋಡಿ. ಸಾಧ್ಯವಾದ್ರೆ ಕೆಳಗಿಂದಾನೂ ಚುಚ್ಚಿ. ಚೆನ್ನಾಗಿರೋ ಮರ ಗಟ್ಟಿಯಾಗಿ ತಡೆಯುತ್ತೆ, ಕೊಳೆತಿದ್ರೆ ಅಷ್ಟೇನೂ ಒತ್ತದೆ 5-6 ಮಿ.ಮೀ. ಒಳಗೆ ಹೋಗುತ್ತೆ, ಎಬ್ಬಿಸಿದಾಗ ಉದ್ದ ನಾರು ಬರದೆ ಚಿಕ್ಕ ಚಿಕ್ಕ ತುಂಡಾಗಿ ಪುಡಿ ಬರುತ್ತೆ. ಸುತ್ತಿಗೆಯಿಂದ ತಟ್ಟಿದಾಗ ಟಣ್ ಅನ್ನದೆ ಮಂದವಾದ ಸದ್ದು ಬಂದ್ರೆ ಆ ಜಾಗಕ್ಕೂ ಗುರುತು ಹಾಕಿ. ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿರೋದು, ಸಣ್ಣ ಸಣ್ಣ ಸೀಳು ಇರೋದು ಬಿಸಿಲಿನ ಪರಿಣಾಮ, ಅದರಿಂದ ಬಲ ಕಮ್ಮಿ ಆಗಿರಲ್ಲ, ಅದನ್ನ ನೋಡಿ ಹೆದರಿ ಒಳ್ಳೆ ಹಲಗೆ ಬಿಸಾಕೋರು ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಫ್ರೇಮು. ಬಿರುಕು ಎಲ್ಲೆಲ್ಲೋ ಬರಲ್ಲ, ಬರೋ ಜಾಗಗಳು ಗೊತ್ತಿರೋವೇ: ಮೂತಿಯ ಎರಡು ಕಾಲು ಫ್ರೇಮಿಗೆ ಸೇರೋ ಕಡೆ, ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗನ್ನ ಫ್ರೇಮಿಗೆ ಹಿಡಿದಿರೋ ಕಿವಿ) ವೆಲ್ಡಿಂಗ್ ಸುತ್ತ, ಅಡ್ಡಪಟ್ಟಿ ಉದ್ದ ಚಾನಲ್ಲಿಗೆ ಸೇರೋ ಮೂಲೆ, ಹಿಂದಿನ ಬಾಗಿಲಿನ ಹಿಂಜು. ಬಣ್ಣದ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ತುಕ್ಕಿನ ಗೆರೆ ಕಂಡ್ರೆ ಅದರ ಕೆಳಗೆ ಬಿರುಕು ಇರೋ ಸಾಧ್ಯತೆ ಹೆಚ್ಚು, ಅಲ್ಲಿ ಬಣ್ಣ ಕೆರೆದು ಬರೀ ಕಬ್ಬಿಣ ಕಾಣೋ ಹಾಗೆ ಮಾಡಿ ನೋಡ್ಬೇಕು.

ತುಕ್ಕಿನಲ್ಲೂ ಎರಡು ಥರ ಇದೆ. ಮೇಲ್ಮೈ ಕೆಂಪಾಗಿ ಕೈಗೆ ಪುಡಿ ಹತ್ತೋದು ಸಾದಾ ತುಕ್ಕು, ಬ್ರಷ್ ಹೊಡೆದ್ರೆ ಹೋಗುತ್ತೆ. ಪದರ ಪದರವಾಗಿ ಎದ್ದು ಹಪ್ಪಳದ ಹಾಗೆ ಉದುರೋದು ಲೋಹವನ್ನ ತಿಂದಿರೋ ತುಕ್ಕು. ಅಂಥ ಕಡೆ ಸುತ್ತಿಗೆಯಿಂದ ಚೆನ್ನಾಗಿ ಹೊಡೀರಿ, ತೂತಾದ್ರೆ ಆಗಲಿ, ಈಗ ಗೊತ್ತಾಗೋದೇ ಒಳ್ಳೇದು. ಹೊಡೆದಾಗ ತಗ್ಗು ಬಿದ್ರೆ ಅಥವಾ ಮೂಲ ದಪ್ಪದ ಕಾಲುಭಾಗಕ್ಕಿಂತ ಹೆಚ್ಚು ಹೋಗಿದೆ ಅನ್ನಿಸಿದ್ರೆ ಆ ಪಟ್ಟಿ ಬದಲಾಯಿಸೋ ಲೆಕ್ಕಕ್ಕೆ ಹಾಕಿಕೊಳ್ಳಿ.

ಇನ್ನೊಂದು ಅಳತೆ ತುಂಬಾ ಜನ ಬಿಡ್ತಾರೆ. ಕಪ್ಲರಿನ (ಮೂತಿ ತುದಿಯಲ್ಲಿ ಗಾಡಿಗೆ ಸಿಕ್ಕಿಸೋ ಭಾಗ) ಮಧ್ಯದಿಂದ ಆಕ್ಸಲ್ಲಿನ ಎಡತುದಿಗೆ ಎಷ್ಟು, ಬಲತುದಿಗೆ ಎಷ್ಟು ಅಂತ ಟೇಪಿನಲ್ಲಿ ಅಳೀರಿ. ಎರಡೂ ಒಂದೇ ಬರ್ಬೇಕು. ವ್ಯತ್ಯಾಸ ಇದ್ರೆ ಆಕ್ಸಲ್ ಓರೆಯಾಗಿ ಕೂತಿದೆ, ಟ್ರೇಲರ್ ಗಾಡಿ ಹಿಂದೆ ನೇರ ಬರದೆ ಸೊಟ್ಟ ಸೊಟ್ಟ ಬರೋದಕ್ಕೆ ಇದೂ ಒಂದು ಕಾರಣ.

3. ಹಳೆ ಹಲಗೆ ತೆಗೆಯೋದು

ಒಂದೋ ಎರಡೋ ಹಲಗೆ ಮಾತ್ರ ಕೊಳೆತಿದ್ದು ಫ್ರೇಮು ಚೆನ್ನಾಗಿದ್ರೆ ಅಷ್ಟನ್ನೇ ಬದಲಾಯಿಸಿ ಸಾಕು. ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹೋಗಿದ್ರೆ, ಇಲ್ಲವೇ ಅಡ್ಡಪಟ್ಟಿಗಳ ಮೇಲ್ಭಾಗದಲ್ಲಿ ಪದರ ತುಕ್ಕು ಕಂಡ್ರೆ, ಎಲ್ಲಾ ತೆಗೆಯೋದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಅರ್ಧ ಹಲಗೆ ಇಟ್ಕೊಂಡು ಅದರ ಕೆಳಗೆ ಬಣ್ಣ ಹೊಡೆಯೋಕೆ ಆಗಲ್ಲ.

ತೆಗೆಯೋ ಮುಂಚೆ ಫೋಟೋ ತೆಗೀರಿ, ಹಲಗೆಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ. ಚಕ್ರದ ಮಡ್‌ಗಾರ್ಡ್ ಹತ್ರ ಕಚ್ಚು ಹೊಡೆದ ಹಲಗೆ ಇದ್ರೆ ಅದು ಕೊಳೆತಿದ್ರೂ ಎತ್ತಿಡಿ, ಹೊಸ ಹಲಗೆಗೆ ಅದೇ ಅಚ್ಚು.

ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಎಣ್ಣೆ ಹಾಕಿಟ್ರೆ ಬೆಳಿಗ್ಗೆ ಎಷ್ಟೋ ಸುಲಭವಾಗಿ ಬಿಚ್ಚುತ್ತವೆ. ಗುಂಡುತಲೆಯ ಕ್ಯಾರೇಜ್ ಬೋಲ್ಟು ಕೊಳೆತ ಮರದಲ್ಲಿ ಹಿಡಿತ ಇಲ್ದೆ ಸುಮ್ನೆ ತಿರುಗ್ತಾ ಇರುತ್ತೆ, ಅದರ ಜೊತೆ ಗುದ್ದಾಡಬೇಡಿ, ಕೆಳಗಿಂದ ನಟ್ಟನ್ನೇ ಗ್ರೈಂಡರಲ್ಲಿ ಕತ್ತರಿಸಿ. ಗ್ರೈಂಡರ್ ಕಿಡಿ ಒಣ ಕೊಳೆಮರಕ್ಕೆ ಬಿದ್ರೆ ಹೊಗೆ ಕಾಣಿಸದೇ ಒಳಗೊಳಗೇ ಉರಿಯುತ್ತೆ. ಪಕ್ಕದಲ್ಲಿ ಬಕೆಟ್ ನೀರಿರಲಿ, ಕೆಲಸ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಆದ್ರೂ ಅಲ್ಲೇ ಇದ್ದು ನೋಡಿ.

ಕೆಲವು ಟ್ರೇಲರಲ್ಲಿ ಹಲಗೆಯ ಮುಂದಿನ ಹಿಂದಿನ ತುದಿಗಳು ಆಂಗಲ್ ತುಟಿಯ ಕೆಳಗೆ ಸಿಕ್ಕಿಕೊಂಡಿರ್ತವೆ. ಕೊಳೆತ ಹಲಗೆ ಮಧ್ಯಕ್ಕೆ ಕುಯ್ದು ತೆಗೆದ್ರಾಯ್ತು, ಆದ್ರೆ ಹೊಸದು ಒಳಗೆ ಹೋಗೋದು ಹೇಗೆ ಅನ್ನೋದನ್ನ ಈಗ್ಲೇ ಯೋಚಿಸಿ. ಹಿಂದಿನ ತುಟಿ ಬೋಲ್ಟಲ್ಲಿ ಕೂತಿದ್ರೆ ಬಿಚ್ಚಬಹುದು. ವೆಲ್ಡ್ ಆಗಿದ್ರೆ ಅದನ್ನ ಕುಯ್ದು ಹಲಗೆ ಹಾಕಿದ ಮೇಲೆ ಬೋಲ್ಟಲ್ಲಿ ಕೂರೋ ಹಾಗೆ ಮಾಡಿಸಿಬಿಡಿ, ಮುಂದಿನ ಸಲಕ್ಕೂ ಅನುಕೂಲ.

ಕೊಳೆಯದಿರಲಿ ಅಂತ ಔಷಧಿ ಹೊಡೆದ ಹಳೆ ಹಲಗೆಯನ್ನ ಒಲೆಗಾಗ್ಲಿ ಬೆಂಕಿಗಾಗ್ಲಿ ಹಾಕಬೇಡಿ. ಹಳೆ ಕಾಲದ ಔಷಧಿಯಲ್ಲಿ ಹೆಚ್ಚಾಗಿ ಆರ್ಸೆನಿಕ್ ಇರುತ್ತೆ, ಅದರ ಹೊಗೆ ಬೂದಿ ಎರಡೂ ವಿಷ. ಕುಯ್ಯುವಾಗ ಮಾಸ್ಕ್ ಬೇಕೇಬೇಕು.

4. ಫ್ರೇಮ್ ಕ್ಲೀನಿಂಗು, ವೆಲ್ಡಿಂಗು

ಮೊದಲು ಜಿಡ್ಡು ತೆಗೀರಿ, ಆಮೇಲೆ ತುಕ್ಕು. ಇದನ್ನ ಉಲ್ಟಾ ಮಾಡೋರೇ ಹೆಚ್ಚು. ಗ್ರೀಸ್ ಇರೋ ಕಬ್ಬಿಣಕ್ಕೆ ತಂತಿ ಬ್ರಷ್ ಹೊಡೆದ್ರೆ ಗ್ರೀಸನ್ನ ತೆಳ್ಳಗೆ ಎಲ್ಲಾ ಕಡೆ ಸವರಿದಂಗೆ ಆಗುತ್ತೆ, ಅದರ ಮೇಲೆ ಪ್ರೈಮರ್ ನಿಲ್ಲಲ್ಲ. ಸೋಪುನೀರು ಅಥವಾ ಡಿಗ್ರೀಸರಲ್ಲಿ ತೊಳೆದು ಒಣಗಿಸಿ, ಆಮೇಲೆ ಬ್ರಷ್ ಚಕ್ರ ಹಾಕಿ ಪದರ ತುಕ್ಕನ್ನೆಲ್ಲ ಉದುರಿಸಿ. ಚಾನಲ್ಲಿನ ಒಳಗೆ ವರ್ಷಗಟ್ಲೆ ಕೂತಿರೋ ಮಣ್ಣು, ಎಲೆ ಪೂರ್ತಿ ತೆಗೀರಿ, ನೀರು ಹಿಡಿದಿಟ್ಕೊಳ್ಳೋದೇ ಅದು. ಪೈಪಿನ ಫ್ರೇಮಾದ್ರೆ ತಗ್ಗಿನ ಜಾಗದಲ್ಲಿ ನೀರು ಹೋಗೋ ತೂತು ಇದೆಯಾ, ಇದ್ರೆ ಮುಚ್ಚಿಹೋಗಿದೆಯಾ ನೋಡಿ.

ವೆಲ್ಡಿಂಗ್ ಬೇಕಿದ್ರೆ ಅನುಭವ ಇರೋ ವೆಲ್ಡರ್ ಹತ್ರಾನೇ ಮಾಡಿಸಿ, ಮೂತಿ ಮತ್ತು ಸ್ಪ್ರಿಂಗ್ ಹ್ಯಾಂಗರ್ ಅಂತೂ ಕಲಿಯೋ ಜಾಗ ಅಲ್ಲವೇ ಅಲ್ಲ, ಅಲ್ಲಿ ಬಿಟ್ರೆ ರಸ್ತೇಲಿ ಹೋಗ್ತಿರೋ ಬೇರೆಯವರ ಜೀವಕ್ಕೆ ಅಪಾಯ. ಆದ್ರೆ ಮಾಡಿಸೋರಿಗೂ ನಾಲ್ಕು ವಿಷಯ ಗೊತ್ತಿರಲಿ. ಬಿರುಕಿನ ತುದಿಯಲ್ಲಿ 3-4 ಮಿ.ಮೀ. ತೂತು ಕೊರೆದು ಆಮೇಲೆ ವೆಲ್ಡ್ ಮಾಡ್ಬೇಕು, ಇಲ್ದಿದ್ರೆ ಬಿರುಕು ವೆಲ್ಡಿಂಗ್ ದಾಟಿ ಮುಂದೆ ಓಡುತ್ತೆ. ಮೇಲೆ ತಟ್ಟೆ ಕೂರಿಸೋದಾದ್ರೆ ಚೌಕದ ತುಂಡು ಬೇಡ, ಎರಡೂ ಕಡೆ ಚೂಪಾಗೋ ಆಕಾರ ಇರಲಿ, ಚಾನಲ್ಲಿಗೆ ಅಡ್ಡಡ್ಡ ಒಂದೇ ಗೆರೇಲಿ ವೆಲ್ಡ್ ಬಿದ್ರೆ ಅದೇ ಗೆರೇಲಿ ಮತ್ತೆ ಬಿರಿಯುತ್ತೆ. ಅರ್ಥ್ ಕ್ಲಾಂಪನ್ನ ವೆಲ್ಡ್ ಮಾಡೋ ಜಾಗದ ಪಕ್ಕದಲ್ಲೇ ಹಾಕಬೇಕು, ದೂರ ಹಾಕಿದ್ರೆ ಕರೆಂಟು ಬೇರಿಂಗ್ ಮೂಲಕ ಹಾದು ಅದರ ರೋಲರ್ ಸುಟ್ಟುಹೋಗಬಹುದು. ಸ್ಪ್ರಿಂಗ್ ಪಟ್ಟಿಗೆ ವೆಲ್ಡಿಂಗೂ ಬೇಡ, ಬೆಂಕಿ ಕಾವೂ ಬೇಡ, ಅದರ ಹದ ಹೋಗಿ ಮುರಿಯುತ್ತೆ.

ಗ್ಯಾಲ್ವನೈಸ್ ಆದ ಫ್ರೇಮಾದ್ರೆ ಇನ್ನೂ ಎಚ್ಚರ. ಅದರ ಸತುವಿನ ಹೊಗೆ ಕುಡಿದ್ರೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ ಬರುತ್ತೆ. ವೆಲ್ಡ್ ಮಾಡೋ ಜಾಗದ ಲೇಪ ಮೊದಲೇ ಉಜ್ಜಿ ತೆಗೆದು, ಗಾಳಿಯಾಡೋ ಕಡೆ ಮಾಡಬೇಕು.

5. ಪ್ರೈಮರ್ ಮತ್ತು ಬಣ್ಣ

ಕ್ಲೀನ್ ಮಾಡಿದ ದಿನಾನೇ ಪ್ರೈಮರ್ ಬೀಳಬೇಕು, ರಾತ್ರಿ ಹಾಗೇ ಬಿಟ್ರೆ ಇಬ್ಬನಿಗೇ ಮತ್ತೆ ತುಕ್ಕು ಹತ್ತುತ್ತೆ. ಸತು ಹೆಚ್ಚಿರೋ ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಒಳ್ಳೇದು. ತುಕ್ಕು ಮಾರ್ಪಡಿಸೋ ದ್ರಾವಣ ಸಿಗುತ್ತಲ್ಲ, ಅದು ಬ್ರಷ್ ಹೋಗದ ಸಂದಿಗಳಿಗೆ ಸರಿ, ಪದರ ತುಕ್ಕಿನ ಮೇಲೆ ಬಳಿದ್ರೆ ಮೇಲಿನ ಪದರ ಮಾತ್ರ ಗಟ್ಟಿಯಾಗಿ ಒಳಗಿಂದ ತಿನ್ನೋದು ಮುಂದುವರಿಯುತ್ತೆ.

ಬಣ್ಣ ಒಣಗ್ತಾ ಚೂಪು ಅಂಚಿನಿಂದ ಹಿಂದಕ್ಕೆ ಸರಿಯುತ್ತೆ, ಅದಕ್ಕೇ ತುಕ್ಕು ಹೆಚ್ಚಾಗಿ ಅಂಚಿಂದ ಶುರುವಾಗೋದು. ಎಲ್ಲಾ ಅಂಚು, ವೆಲ್ಡಿಂಗ್ ಗೆರೆ, ಬೋಲ್ಟ್ ತೂತಿನ ಸುತ್ತ ಮೊದಲೇ ಒಂದು ಸಲ ಬ್ರಷಲ್ಲಿ ಬಳಿದು, ಆಮೇಲೆ ಪೂರ್ತಿ ಎರಡು ಕೋಟ್ ಕೊಡಿ. ಅಡ್ಡಪಟ್ಟಿಗಳ ಮೇಲ್ಭಾಗಕ್ಕೆ ಮೂರನೇ ಕೋಟ್ ಕೊಟ್ರೂ ದಂಡ ಅಲ್ಲ, ಹಲಗೆ ಕೂತ ಮೇಲೆ ಅದು ಮತ್ತೆ ಕಣ್ಣಿಗೇ ಬೀಳಲ್ಲ. ಡಬ್ಬದ ಮೇಲೆ ಎಷ್ಟು ಗಂಟೆ ಅಂತ ಬರೆದಿದ್ಯೋ ಅಷ್ಟು ಒಣಗೋಕೆ ಬಿಡಿ.

6. ಬೇರಿಂಗು, ಸ್ಪ್ರಿಂಗು, ಟೈರು

ಬಣ್ಣ ಒಣಗೋ ಹೊತ್ತಲ್ಲಿ ಈ ಕೆಲಸ ಹಿಡೀರಿ. ರಸ್ತೇಲಿ ಟ್ರೇಲರ್ ಕೈಕೊಡೋದು ಹೆಚ್ಚಾಗಿ ಇಲ್ಲೇ.

ಚಕ್ರ ನೆಲದಿಂದ ಎತ್ತಿ ಕೈಯಲ್ಲಿ ತಿರುಗಿಸಿ, ಕಿವಿ ಕೊಟ್ಟು ಕೇಳಿ. ಕರಕರ ಅಂದ್ರೆ ಬೇರಿಂಗ್ ಹೋಗಿದೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಗಣಗಣ ಆಡಿದ್ರೆ ಒಂದೋ ನಟ್ಟು ಸಡಿಲ, ಇಲ್ಲಾ ಬೇರಿಂಗ್ ಸವೆದಿದೆ. ಏನೂ ತೊಂದ್ರೆ ಕಾಣದಿದ್ರೂ ವರ್ಷಕ್ಕೊಂದು ಸಲ ಬಿಚ್ಚಿ ಹೊಸ ಗ್ರೀಸ್ ತುಂಬೋದು ಒಳ್ಳೇದು. ಹಬ್ (ಚಕ್ರದ ನಡುವಿನ ಭಾಗ, ಬೇರಿಂಗ್ ಕೂರೋದು ಇದರೊಳಗೆ) ನೀರಲ್ಲಿ ಮುಳುಗಿದ್ರೆ ವರ್ಷ ಕಾಯಬೇಡಿ, ಆಗ್ಲೇ ಬಿಚ್ಚಿ.

ಬಿಚ್ಚೋ ಕ್ರಮ ಹೀಗೆ: ಗ್ರೀಸ್ ಕ್ಯಾಪ್, ಸ್ಪ್ಲಿಟ್ ಪಿನ್ನು, ನಟ್ಟು, ವಾಷರು, ಹೊರಗಿನ ಬೇರಿಂಗು, ಆಮೇಲೆ ಹಬ್ ನೇರವಾಗಿ ಎಳೀರಿ, ಹಿಂದಿನ ಸೀಲು ತೆಗೆದ್ರೆ ಒಳಗಿನ ಬೇರಿಂಗ್ ಬರುತ್ತೆ. ಯಾವ ಬೇರಿಂಗು ಯಾವ ಹಬ್ಬಿನದ್ದು ಅಂತ ಬೇರೆ ಬೇರೆ ಇಡಿ. ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನ ಗಿರಗಿರ ತಿರುಗಿಸೋ ಅಭ್ಯಾಸ ಕೆಲವರಿಗಿದೆ, ಅದು ಬೇಡ, ರೋಲರ್ ಸಿಡಿದು ಮುಖಕ್ಕೆ ಬಡಿಯಬಹುದು. ರೋಲರ್ ಮೇಲೆ ಸಣ್ಣ ಗುಳಿ, ನೀಲಿ ಬಣ್ಣ, ಗೀಚು ಕಂಡ್ರೆ ಬದಲಾಯಿಸಿ, ಬದಲಾಯಿಸುವಾಗ ಹಬ್ಬೊಳಗಿರೋ ಕಪ್ಪನ್ನೂ (ರೋಲರ್ ಉರುಳೋ ಉಕ್ಕಿನ ಬಳೆ) ಜೊತೆಗೇ ಬದಲಾಯಿಸ್ಬೇಕು. ಹಳೆ ಕಪ್ಪಿಗೆ ಹೊಸ ಬೇರಿಂಗ್ ಹಾಕಿದ್ರೆ ಬೇಗ ಹಾಳಾಗುತ್ತೆ.

ಗ್ರೀಸನ್ನ ಅಂಗೈಲಿ ಇಟ್ಕೊಂಡು ಬೇರಿಂಗಿನ ಅಗಲ ಬದಿಯಿಂದ ಒತ್ತಿ ಒತ್ತಿ ತುಂಬಿ, ಇನ್ನೊಂದು ಬದಿಯಿಂದ ಈಚೆ ಬರೋ ತನಕ, ಸುತ್ತಲೂ. ಹೊರಗೆ ಸವರಿದ್ರೆ ಅದು ತುಂಬಿದ ಹಾಗಾಗಲ್ಲ. ಎರಡು ಜಾತಿ ಗ್ರೀಸ್ ಬೆರೆಸಬೇಡಿ, ಕೆಲವು ಒಂದಕ್ಕೊಂದು ಹೊಂದದೆ ತೆಳ್ಳಗಾಗಿ ಸೋರಿ ಹೋಗ್ತವೆ. ಸೀಲು ಮತ್ತು ಸ್ಪ್ಲಿಟ್ ಪಿನ್ನು ಪ್ರತಿ ಸಲ ಹೊಸದು.

ನಟ್ಟು ಟೈಟ್ ಮಾಡೋದ್ರಲ್ಲೇ ಹೆಚ್ಚು ಜನ ಎಡವೋದು. ಹಬ್ ತಿರುಗಿಸ್ತಾ ತಿರುಗಿಸ್ತಾ ಸ್ಪ್ಯಾನರಲ್ಲಿ ಸಾಧಾರಣ ಟೈಟ್ ಮಾಡಿ, ಇದು ಬೇರಿಂಗ್ ಸರಿಯಾಗಿ ಕೂರೋಕೆ. ಆಮೇಲೆ ಪೂರ್ತಿ ಸಡಿಲಿಸಿ ಬರೀ ಬೆರಳಲ್ಲಿ ಎಷ್ಟಾಗುತ್ತೋ ಅಷ್ಟೇ ಬಿಗಿ ಮಾಡಿ. ಪಿನ್ನಿನ ತೂತು ಹೊಂದದಿದ್ರೆ ಸಡಿಲ ಆಗೋ ಕಡೆಗೇ ಸ್ವಲ್ಪ ತಿರುಗಿಸಿ ಪಿನ್ ಹಾಕಿ. ಚಕ್ರದ ನಟ್ಟಿನ ಹಾಗೆ ಇದನ್ನ ಬಲ ಹಾಕಿ ಬಿಗಿದ್ರೆ ಕೆಲವೇ ಕಿಲೋಮೀಟರಲ್ಲಿ ಬೇರಿಂಗ್ ಕಾದು ಸುಟ್ಟುಹೋಗುತ್ತೆ. ತಯಾರಕರು ಬೇರೆ ಅಳತೆ ಕೊಟ್ಟಿದ್ರೆ ಅದನ್ನೇ ಪಾಲಿಸಿ. ಕ್ಯಾಪಿನಲ್ಲಿ ಗ್ರೀಸ್ ನಿಪ್ಪಲ್ ಇದ್ರೆ ಸಿಕ್ಕಾಪಟ್ಟೆ ಪಂಪ್ ಮಾಡಬೇಡಿ, ಹಿಂದಿನ ಸೀಲು ಒಡೆದು ಗ್ರೀಸು ಬ್ರೇಕ್ ಲೈನರಿಗೆ ಹೋಗುತ್ತೆ.

ಸ್ಪ್ರಿಂಗಲ್ಲಿ ನೋಡಬೇಕಾದ್ದು ಮುರಿದ ಪಟ್ಟಿ, ಸವೆದ ಶ್ಯಾಕಲ್ ಬುಷ್ (ಸ್ಪ್ರಿಂಗ್ ತುದಿಯ ಕೊಂಡಿಯ ಒಳಬಳೆ), ಉದ್ದವಾಗಿ ಹಿಗ್ಗಿದ ತೂತು, ಆಕ್ಸಲ್ಲನ್ನ ಸ್ಪ್ರಿಂಗಿಗೆ ಹಿಡಿದಿರೋ ಸಡಿಲ ಯು-ಬೋಲ್ಟು. ಬಿಚ್ಚಿದ ಯು-ಬೋಲ್ಟ್ ಮತ್ತೆ ಹಾಕಬೇಡಿ, ಅದು ಒಮ್ಮೆ ಎಳೆದಿರುತ್ತೆ.

ಟೈರಿನ ವಯಸ್ಸು ಅದರ ಪಕ್ಕದಲ್ಲೇ ಬರೆದಿರುತ್ತೆ, ಕೊನೇ ನಾಲ್ಕು ಅಂಕಿ ನೋಡಿ: 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾದ್ದು. ಟ್ರೇಲರ್ ಟೈರು ಸವೆಯೋದಕ್ಕಿಂತ ನಿಂತಲ್ಲೇ ನಿಂತು ಹಳತಾಗೋದು ಹೆಚ್ಚು, ಟೈರಿನ ಮೇಲಿನ ಗೀರುಗಳ ಆಳ ಚೆನ್ನಾಗಿದ್ರೂ ಆರು ವರ್ಷ ದಾಟಿದ್ದಕ್ಕೆ ಭಾರ ಹಾಕೋ ಮುಂಚೆ ಯೋಚಿಸಿ, ಪಕ್ಕದಲ್ಲಿ ಬಿರುಕಿದ್ರೆ ಯೋಚಿಸೋದೇ ಬೇಡ, ಬದಲಾಯಿಸಿ. ಎರಡು ಅಂಚು ಸವೆದಿದ್ರೆ ಗಾಳಿ ಕಮ್ಮಿ, ಮಧ್ಯ ಸವೆದಿದ್ರೆ ಗಾಳಿ ಹೆಚ್ಚು, ಒಂದೇ ಅಂಚು ಸವೆದಿದ್ರೆ ಆಕ್ಸಲ್ ಬಾಗಿದೆ ಇಲ್ಲಾ ಓರೆ ಕೂತಿದೆ. ಗಾಳಿ ನೋಡೋದು ಟೈರು ತಣ್ಣಗಿರುವಾಗ. ಚಕ್ರದ ನಟ್ಟು ಎದುರುಬದುರಾಗಿ ಬಿಗಿದು, ಮೊದಲ 80-100 ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ನೋಡಿ.

7. ವೈರಿಂಗು, ಹಲಗೆ ಕೂರೋಕೆ ಮುಂಚೆ

ದೀಪದ ತೊಂದರೆಗಳಲ್ಲಿ ಹೆಚ್ಚಿನವು ಅರ್ಥಿಂಗಿಂದ ಬರೋವು. ಇಂಡಿಕೇಟರ್ ಹಾಕಿದ್ರೆ ಎಲ್ಲಾ ದೀಪ ಮಂಕಾಗಿ ಮಿಣುಕಿದ್ರೆ, ಬ್ರೇಕ್ ಒತ್ತಿದಾಗ ಹಿಂದಿನ ದೀಪ ಆರಿದ್ರೆ, ಬಲ್ಬು ಬದಲಾಯಿಸೋ ಮುಂಚೆ ಅರ್ಥ್ ವೈರು ಫ್ರೇಮಿಗೆ ಸೇರೋ ಸ್ಕ್ರೂ ಬಿಚ್ಚಿ ನೋಡಿ. ಅಲ್ಲಿ ತುಕ್ಕು, ಬಣ್ಣ ಕೆರೆದು ಹೊಳೆಯೋ ಕಬ್ಬಿಣ ಕಾಣೋ ಹಾಗೆ ಮಾಡಿ, ರಿಂಗ್ ಟರ್ಮಿನಲ್ಲು ಹಲ್ಲಿನ ವಾಷರ್ ಹಾಕಿ ಬಿಗಿದು ಮೇಲೆ ಗ್ರೀಸ್ ಸವರಿ. ನಿಮ್ಮ ಕೈಯಾರೆ ಹೊಸ ಬಣ್ಣ ಹೊಡೆದಿರೋ ಫ್ರೇಮಲ್ಲಿ ಇದು ಇನ್ನೂ ಮುಖ್ಯ, ಬಣ್ಣದ ಮೇಲೆ ಸ್ಕ್ರೂ ಹಾಕಿದ್ರೆ ಕರೆಂಟ್ ಹರಿಯಲ್ಲ. ಎಲ್ಲಾದಕ್ಕಿಂತ ಒಳ್ಳೇದು ಅಂದ್ರೆ ಪ್ರತಿ ದೀಪದಿಂದ ಪ್ಲಗ್ ತನಕ ಬೇರೆಯೇ ಒಂದು ಅರ್ಥ್ ವೈರ್ ಎಳೆಯೋದು.

ವೈರು ಕಬ್ಬಿಣದ ತೂತಲ್ಲಿ ಹೋಗೋ ಕಡೆ ರಬ್ಬರ್ ಬುಷ್ ಹಾಕಿ. ಇನ್ನೂ ಒಂದು ಮಾತು: ವೈರು ಯಾವ ದಾರೀಲಿ ಹೋಗಿದೆ ಅಂತ ಈಗ ಫೋಟೋ ತೆಗೆದಿಡಿ, ಅಡ್ಡಪಟ್ಟಿಯ ಮೇಲ್ಭಾಗಕ್ಕೆ ಅಂಟಿಕೊಂಡಿದ್ರೆ ಕೆಳಕ್ಕೆ ಇಳಿಸಿ ಕಟ್ಟಿ. ಹಲಗೆಗೆ ಹೊಡೆಯೋ ಸ್ಕ್ರೂ ನೇರ ವೈರೊಳಗೇ ಇಳಿದಿರೋದು ಮತ್ತೆ ಮತ್ತೆ ನೋಡಿರೋ ತಪ್ಪು, ಆಮೇಲೆ ಶಾರ್ಟ್ ಎಲ್ಲಿದೆ ಅಂತ ಹುಡುಕೋಕೆ ಹಲಗೆ ಬಿಚ್ಚಬೇಕಾಗುತ್ತೆ.

8. ಹಲಗೆ ಆರಿಸೋದು, ತಯಾರು ಮಾಡೋದು

ದಪ್ಪ 38 ಮಿ.ಮೀ. ಹತ್ತಿರ ಇರಲಿ, ಅಡ್ಡಪಟ್ಟಿಗಳ ನಡುವೆ 600 ಮಿ.ಮೀ. ತನಕ ಅಂತರ ಇದ್ರೆ ಸಾಮಾನ್ಯ ಹೊರೆಗೆ ಇದು ತಡೆಯುತ್ತೆ. ಒಂದೇ ಜಾಗದಲ್ಲಿ ಭಾರ ಬೀಳೋ ಯಂತ್ರ ಸಾಗಿಸ್ತೀರಾದ್ರೆ ಇನ್ನೂ ದಪ್ಪ ಬೇಕು. ಪ್ಲೈವುಡ್ ಬೇಗ ಕೆಲಸ ಮುಗಿಸುತ್ತೆ, ಆದ್ರೆ ಅಂಚಲ್ಲಿ ನೀರು ಕುಡಿದು ಪದರ ಬಿಡುತ್ತೆ, ಒಂದು ಮೂಲೆ ಹೋದ್ರೆ ಇಡೀ ಹಾಳೆ ಬದಲಾಯಿಸಬೇಕು. ನನ್ನ ಆಯ್ಕೆ ಹಲಗೇನೇ.

ಔಷಧಿ ಹೊಡೆದ ಪೈನ್ ಎಲ್ಲಾ ಕಡೆ ಸಿಗುತ್ತೆ. ಗಟ್ಟಿ ಮರ ಬೇಕಂದ್ರೆ ವೈಟ್ ಓಕ್, ಕೆರೂಯಿಂಗ್ ಇವೆ, ಲಾರಿ ಹಾಸಿಗೆ ಕೆರೂಯಿಂಗ್ ಬಳಕೆಯಲ್ಲಿರೋ ಮರ. ರೆಡ್ ಓಕ್ ನೋಡೋಕೆ ಹಾಗೇ ಇದ್ರೂ ಅದರ ನಾಳಗಳು ತೆರೆದಿರೋದ್ರಿಂದ ನೀರು ಉದ್ದಕ್ಕೂ ಒಳಗೆ ಹೋಗುತ್ತೆ, ಹೊರಗಿನ ಕೆಲಸಕ್ಕೆ ಬೇಡ. ಎರಡು ಅಡ್ಡಪಟ್ಟಿಯ ಮಧ್ಯೆ ಬೀಳೋ ಜಾಗದಲ್ಲಿ ದೊಡ್ಡ ಗಂಟು ಇರೋ ಹಲಗೆ ತಗೋಬೇಡಿ.

ಔಷಧಿ ಹೊಡೆದ ಹಲಗೆ ಅಂಗಡಿಯಿಂದ ಬರುವಾಗ ಹಸಿಯಾಗಿ ಭಾರವಾಗಿರುತ್ತೆ. ಮಧ್ಯೆ ಮಧ್ಯೆ ಪಟ್ಟಿ ಇಟ್ಟು, ನೆರಳಲ್ಲಿ ಗಾಳಿಯಾಡೋ ಹಾಗೆ ಪೇರಿಸಿ ಕೆಲವು ವಾರ ಒಣಗಿಸಿದ್ರೆ ಮುಂದಿನ ಅರ್ಧ ತೊಂದರೆ ತಪ್ಪುತ್ತೆ. ಮರದೊಳಗಿನ ತೇವ 20 ಪರ್ಸೆಂಟಿಗಿಂತ ಕೆಳಗಿದ್ರೆ ಕೊಳೆ ತರೋ ಶಿಲೀಂಧ್ರ ಬೆಳೆಯಲ್ಲ, ನಮ್ಮ ಪ್ರಯತ್ನವೆಲ್ಲ ಮರವನ್ನ ಆ ಗೆರೆಯ ಕೆಳಗೆ ಇಡೋದಕ್ಕೇ.

ಪ್ರತಿ ಸಲ ಕುಯ್ದ ಕೂಡಲೇ ಆ ತುದಿಗೆ ಮರದ ಔಷಧಿ ಎರಡು ಮೂರು ಸಲ ಬಳೀರಿ. ಎಲ್ಲರೂ ಬಿಡೋ ಹೆಜ್ಜೆ ಇದು. ತುದಿಯ ನಾರು ಪಕ್ಕದ ಮೈಗಿಂತ ಎಷ್ಟೋ ಪಾಲು ಜಾಸ್ತಿ ನೀರು ಎಳೆಯುತ್ತೆ, ಕುಯ್ದಾಗ ಔಷಧಿ ಇಳಿಯದ ಒಳಮರ ಬಯಲಾಗುತ್ತೆ. ಒಣಗಿದ ಹಲಗೆ ಆದ್ರೆ ಕೆಳಮೈಗೂ ಅಂಚಿಗೂ ಎಣ್ಣೆ (ಯಾವುದು ಅಂತ 10ರಲ್ಲಿದೆ) ಈಗ್ಲೇ ಬಳಿದುಬಿಡಿ, ಕೂರಿಸಿದ ಮೇಲೆ ಕೈ ಹೋಗಲ್ಲ.

9. ಹಲಗೆ ಕೂರಿಸೋದು

ಈಗಿನ ಔಷಧಿಗಳಲ್ಲಿ ತಾಮ್ರ ಹೆಚ್ಚು, ಅದು ಒದ್ದೆಯಾದಾಗ ಸಾದಾ ಕಬ್ಬಿಣವನ್ನ ಬೇಗ ತಿನ್ನುತ್ತೆ. ಅದಕ್ಕೆ ಅಡ್ಡಪಟ್ಟಿ ಮೇಲೆ ಬ್ಯೂಟೈಲ್ ಟೇಪು (ರಬ್ಬರಿನಂಥ ಮೆತ್ತನೆ ಅಂಟು ಟೇಪು) ಅಂಟಿಸಿ, ಸ್ಕ್ರೂ ಹಾದುಹೋದಾಗ ಅದರ ಸುತ್ತ ತಾನೇ ಮುಚ್ಚಿಕೊಳ್ಳುತ್ತೆ. ಬಟ್ಟೆ, ಗೋಣಿ, ಫೋಮು ಇಂಥ ನೀರು ಹೀರೋ ವಸ್ತು ಬೇಡ. ಬೋಲ್ಟು ಸ್ಕ್ರೂ ಕೂಡ ಹಾಟ್ ಡಿಪ್ ಗ್ಯಾಲ್ವನೈಸ್ ಅಥವಾ ಸ್ಟೇನ್‌ಲೆಸ್ ಇರಲಿ.

ಮೊದಲು ಎಲ್ಲಾ ಹಲಗೆ ಸ್ಕ್ರೂ ಇಲ್ದೆ ಸುಮ್ನೆ ಜೋಡಿಸಿ ನೋಡಿ. ಕೊನೇ ಹಲಗೆಗೆ ಎರಡು ಬೆರಳಷ್ಟೇ ಜಾಗ ಉಳಿದ್ರೆ ಅಷ್ಟು ಸಣ್ಣ ಪಟ್ಟಿ ಹಾಕಬೇಡಿ, ಸೀಳುತ್ತೆ, ಬದಲಿಗೆ ಎರಡೂ ಅಂಚಿನ ಹಲಗೆಗಳನ್ನ ಸಮನಾಗಿ ಕಿರಿದು ಮಾಡಿ. ಒಣ ಹಲಗೆ ಮಧ್ಯೆ 3-5 ಮಿ.ಮೀ. ಸಂದಿ ಬಿಡಿ, ನೀರು ಕೆಳಗಿಳಿಯೋಕೆ, ಮರ ಹಿಗ್ಗೋಕೆ. ಒಣಗಿಸೋಕೆ ಸಮಯ ಇಲ್ಲ, ಹಸೀದೇ ಹಾಕಬೇಕು ಅಂದ್ರೆ ಸಂದಿ ಬಿಡದೆ ಒತ್ತಾಗಿ ಹಾಕಿ, ಒಣಗಿದ ಮೇಲೆ ಸಂದಿ ತಾನಾಗೇ ಬರುತ್ತೆ.

ಹಲಗೆಯ ತುದಿಯಲ್ಲಿ ಉಂಗುರ ಕಾಣುತ್ತಲ್ಲ, ಮರ ಒಣಗ್ತಾ ಆ ಉಂಗುರಗಳು ನೆಟ್ಟಗಾಗೋಕೆ ಎಳೀತವೆ, ಅಂದ್ರೆ ತೊಗಟೆ ಬದಿಯ ಅಂಚುಗಳು ಮೇಲೇಳ್ತವೆ. ಒದ್ದೆಯಾದ್ರೆ ಇದಕ್ಕೆ ಉಲ್ಟಾ. ಹಾಗಾಗಿ ಒಣ ಹಲಗೆಯನ್ನ ತೊಗಟೆ ಬದಿ ಮೇಲಕ್ಕೆ ಮಾಡಿ ಹಾಕಿದ್ರೆ ಮಳೆಗೆ ಮಧ್ಯ ಸ್ವಲ್ಪ ಉಬ್ಬಿ ನೀರು ಪಕ್ಕಕ್ಕೆ ಜಾರುತ್ತೆ.

ಸ್ಕ್ರೂ ಹಾಕೋದಾದ್ರೆ ತುದಿಯಲ್ಲಿ ಡ್ರಿಲ್ ಬಾಯಿ, ಅದರ ಮೇಲೆ ಸಣ್ಣ ರೆಕ್ಕೆ ಇರೋ ಸ್ಕ್ರೂ ತಗೊಳ್ಳಿ. ರೆಕ್ಕೆ ಮರದಲ್ಲಿ ತೂತನ್ನ ದೊಡ್ಡದು ಮಾಡಿ ಕಬ್ಬಿಣ ಮುಟ್ಟಿದಾಗ ಮುರಿದು ಬೀಳುತ್ತೆ. ರೆಕ್ಕೆ ಇಲ್ದೇ ಇರೋದಾದ್ರೆ ಮರದಲ್ಲಿ ಮೊದಲೇ ಸ್ಕ್ರೂಗಿಂತ ಸ್ವಲ್ಪ ದೊಡ್ಡ ತೂತು ಕೊರೀಬೇಕು. ಇದು ಮಾಡದಿದ್ರೆ ಸ್ಕ್ರೂವಿನ ಸುತ್ತುಗೆರೆ ಮರಕ್ಕೂ ಕಬ್ಬಿಣಕ್ಕೂ ಒಟ್ಟಿಗೆ ಕಚ್ಚಿ ಹಲಗೆ ಕಬ್ಬಿಣದಿಂದ ಮೇಲೇ ನಿಂತುಬಿಡುತ್ತೆ, ಎಷ್ಟು ತಿರುಗಿಸಿದ್ರೂ ಕೆಳಗೆ ಕೂರಲ್ಲ, ಓಡಾಟದಲ್ಲಿ ಅದುರಿ ಅದುರಿ ಸ್ಕ್ರೂ ಕತ್ತರಿಸಿ ಹೋಗುತ್ತೆ. ಹಲಗೆ ಎದ್ದು ಬಂತು ಅನ್ನೋ ದೂರಿಗೆ ದೊಡ್ಡ ಕಾರಣ ಇದೇ.

ಪ್ರತಿ ಹಲಗೆಗೆ ಎರಡೂ ತುದಿಯಲ್ಲಿ ಎರಡೆರಡು, ಮಧ್ಯದ ಅಡ್ಡಪಟ್ಟಿಗಳಲ್ಲೂ ಎರಡೆರಡು, ಅಂಚಿಂದ 20-25 ಮಿ.ಮೀ. ಒಳಗೆ. ಸ್ಕ್ರೂ ತಲೆ ಮೇಲ್ಮೈಗೆ ಸಮ ಬಂದ ಕೂಡ್ಲೇ ನಿಲ್ಲಿಸಿ, ಆಳಕ್ಕೆ ಇಳಿಸಿದ್ರೆ ಅಲ್ಲೊಂದು ನೀರು ನಿಲ್ಲೋ ಗುಳಿ. ಫ್ರೇಮಿನ ಉದ್ದ ಚಾನಲ್ಲಿನ ಕೆಳತುಟಿಗೆ ಮಾತ್ರ ಎಲ್ಲೂ ತೂತು ಕೊರೀಬೇಡಿ, ಭಾರ ಬಿದ್ದಾಗ ಅತಿ ಹೆಚ್ಚು ಎಳೆತ ಬರೋದು ಅಲ್ಲಿಗೇ.

10. ಎಣ್ಣೆ

ಮೇಲೆ ದಪ್ಪ ಪೇಂಟು, ವಾರ್ನಿಷ್ ಬೇಡ. ಸಾಮಾನು ಎಳೆದಾಡಿದಾಗ ಗೀಚು ಬಿದ್ದು ಅಲ್ಲಿಂದ ನೀರು ಒಳಗೆ ಹೋಗುತ್ತೆ, ಹೊರಗೆ ಬರೋಕೆ ಪದರ ಬಿಡಲ್ಲ. ಒಳಗೆ ಇಳಿಯೋ ಎಣ್ಣೆ, ಹೊರಾಂಗಣದ ಡೆಕ್ ಎಣ್ಣೆಯೋ ಬಾಯಿಲ್ಡ್ ಅಗಸೆ ಎಣ್ಣೆಯೋ, ತೆಳ್ಳಗೆ ಬಳಿದು ಕುಡಿಯದೆ ಉಳಿದಿದ್ದನ್ನ ಒರೆಸಿ ತೆಗೀರಿ. ಹಸಿ ಹಲಗೆಗೆ ಎಣ್ಣೆ ಇಳಿಯಲ್ಲ. ನಾಲ್ಕು ಹನಿ ನೀರು ಚಿಮುಕಿಸಿ ನೋಡಿ, ಹೀರಿಕೊಂಡ್ರೆ ಎಣ್ಣೆಗೆ ತಯಾರು, ಮುತ್ತಾಗಿ ನಿಂತ್ರೆ ಇನ್ನೂ ಕಾಯಿರಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದುರಿ ಮೂಲೆಗೆ ಎಸೆದ್ರೆ ತಾನಾಗೇ ಕಾದು ಬೆಂಕಿ ಹತ್ತುತ್ತೆ, ಇದು ನಿಜವಾಗಿ ಆಗೋ ವಿಷಯ. ಬಟ್ಟೆಯನ್ನ ಬಯಲಲ್ಲಿ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲಾ ನೀರಲ್ಲಿ ಮುಳುಗಿಸಿ ಮುಚ್ಚಳದ ಡಬ್ಬದಲ್ಲಿಡಿ.

11. ಮೊದಲ ಓಟ

ಕಪ್ಲರ್ ಮೇಲೆ ಬಾಲಿನ (ಗಾಡಿಯ ಹಿಂದಿರೋ, ಕಪ್ಲರ್ ಕೂರೋ ಕಬ್ಬಿಣದ ಗುಂಡು) ಅಳತೆ ಕೆತ್ತಿರುತ್ತೆ, ಬಾಲಿನ ಮೇಲೂ ಇರುತ್ತೆ, ಎರಡೂ ಒಂದೇ ಇರ್ಬೇಕು. ಸ್ವಲ್ಪ ಚಿಕ್ಕ ಬಾಲು ಕೂತ ಹಾಗೇ ಕಾಣುತ್ತೆ, ಗುಂಡಿಗೆ ಬಿದ್ದಾಗ ಹಾರಿ ಬರುತ್ತೆ. ಲಾಕ್ ಹಾಕಿದ ಮೇಲೆ ಮೂತಿ ಜ್ಯಾಕಲ್ಲಿ ಎತ್ತಿ ನೋಡಿ, ಗಾಡಿಯ ಹಿಂಭಾಗವೂ ಜೊತೆಗೆ ಎದ್ರೆ ಹಿಡಿದಿದೆ ಅಂತ ಅರ್ಥ. ಸೇಫ್ಟಿ ಚೈನು ಮೂತಿ ಕೆಳಗೆ ಅಡ್ಡ ಹಾಯಿಸಿ ಕಟ್ಟಿ, ಕಪ್ಲರ್ ಕಳಚಿದ್ರೂ ಮೂತಿ ರಸ್ತೆಗೆ ಕುಟ್ಟದೆ ಚೈನಿನ ಮೇಲೆ ಕೂರುತ್ತೆ.

ಖಾಲಿ ಟ್ರೇಲರಲ್ಲಿ 15-20 ಕಿ.ಮೀ. ಓಡಿಸಿ ನಿಲ್ಲಿಸಿ ಹಬ್ ಹತ್ರ ಕೈ ತನ್ನಿ. ಬೆಚ್ಚಗಿದ್ರೆ ಸರಿ. ಕೈ ಇಡೋಕಾಗದಷ್ಟು ಸುಡ್ತಿದ್ರೆ, ಅಥವಾ ಒಂದು ಕಡೆಯದ್ದು ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ರೆ ಬೇರಿಂಗ್ ಬಿಗಿಯಾಗಿದೆ ಇಲ್ಲಾ ಬ್ರೇಕ್ ಹಿಡಿದಿದೆ, ಅಲ್ಲಿಂದ ಮುಂದೆ ಓಡಿಸಬೇಡಿ.

ಭಾರ ಹಾಕುವಾಗ ಹೆಚ್ಚಿನದು ಆಕ್ಸಲ್ಲಿಗಿಂತ ಸ್ವಲ್ಪ ಮುಂದೆ ಬರಲಿ. ಹಿಂದೆ ಹೆಚ್ಚಾದ್ರೆ ವೇಗದಲ್ಲಿ ಟ್ರೇಲರ್ ಅತ್ತ ಇತ್ತ ಬೀಸೋಕೆ ಶುರು ಮಾಡುತ್ತೆ, ಆಗ ವೇಗ ಹೆಚ್ಚಿಸೋದಾಗ್ಲಿ ಸ್ಟೇರಿಂಗ್ ತಿರುಗಿಸೋದಾಗ್ಲಿ ಮಾಡದೆ ಆಕ್ಸಿಲರೇಟರಿಂದ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡೀರಿ.

12. ಆಮೇಲಿನ ಆರೈಕೆ

ಪ್ರತಿ ಸಲ ಹೊರಡೋ ಮುಂಚೆ ಟೈರಿನ ಗಾಳಿ, ಚಕ್ರದ ನಟ್ಟು, ದೀಪ, ಚೈನು. ಇಷ್ಟು ನೋಡೋಕೆ ಹೆಚ್ಚು ಹೊತ್ತು ಹಿಡಿಯಲ್ಲ.

ಕೆಲಸ ಮುಗಿದ ಮೇಲೆ ಗುಡಿಸಿ. ಮಣ್ಣು, ಗೊಬ್ಬರ, ಒದ್ದೆ ಎಲೆ ಹಲಗೆ ಸಂದಿಯಲ್ಲಿ ಉಳಿದ್ರೆ ಅಲ್ಲೇ ತೇವ ನಿಲ್ಲುತ್ತೆ, ಒಂದು ತೆಳ್ಳನೆ ಪಟ್ಟಿಯಿಂದ ಸಂದಿಗಳನ್ನ ಕೆದಕಿ ತೆಗೆಯೋದು ಅಭ್ಯಾಸ ಮಾಡಿಕೊಳ್ಳಿ. ರಸಗೊಬ್ಬರ, ಉಪ್ಪು ಸಾಗಿಸಿದ್ರೆ ಅದೇ ದಿನ ಕೆಳಗಿಂದಲೂ ನೀರು ಹೊಡೆದು ತೊಳೀರಿ.

ನಿಲ್ಲಿಸುವಾಗ ಮೂತಿ ಸ್ವಲ್ಪ ಎತ್ತರ ಇಟ್ರೆ ನೀರು ಹಿಂದಕ್ಕೆ ಹರಿದುಹೋಗುತ್ತೆ. ಹಲಗೆಗೆ ಅಂಟಿಕೊಂಡ ಹಾಗೆ ಪ್ಲಾಸ್ಟಿಕ್ ಹೊದಿಸಬೇಡಿ, ಕೆಳಗಿನ ತೇವ ಅಲ್ಲೇ ಸಿಕ್ಕಿಬಿದ್ದು ಬಯಲಲ್ಲಿ ಬಿಟ್ಟಿದ್ದಕ್ಕಿಂತ ಬೇಗ ಕೊಳೆಯುತ್ತೆ. ಹೊದಿಸಲೇಬೇಕಂದ್ರೆ ಮಧ್ಯೆ ಎತ್ತರ ಕೊಟ್ಟು ಪಕ್ಕದಿಂದ ಗಾಳಿ ಆಡೋ ಹಾಗೆ ಮಾಡಿ. ತಿಂಗಳುಗಟ್ಲೆ ನಿಲ್ಲಿಸೋದಾದ್ರೆ ಟೈರಿಗೆ ಬಿಸಿಲು ಬೀಳದ ಹಾಗೆ ಮುಚ್ಚಿ.

ಹೊಸ ಹಲಗೆ ಹಾಕಿದ ಕೆಲವು ತಿಂಗಳಿಗೆ ಮರ ಕುಗ್ಗಿ ಬೋಲ್ಟುಗಳು ಸಡಿಲ ಆಗ್ತವೆ, ಆಗ ಒಂದು ಸುತ್ತು ಬಿಗಿ ಮಾಡಿ. ವರ್ಷಕ್ಕೊಮ್ಮೆ ಹನಿ ನೀರಿನ ಪರೀಕ್ಷೆ ಮಾಡಿ ಎಣ್ಣೆ ಹಚ್ಚೋದು, ಬೇರಿಂಗ್ ಬಿಚ್ಚೋದು, ಸ್ಕ್ರೂಡ್ರೈವರಲ್ಲಿ ಹಲಗೆ ಚುಚ್ಚಿ ನೋಡೋದು, ಫ್ರೇಮಲ್ಲಿ ಬಣ್ಣ ಎದ್ದ ಕಡೆ ಉಜ್ಜಿ ಪ್ರೈಮರ್ ಹಚ್ಚೋದು, ನಾಲ್ಕೂ ಒಂದೇ ದಿನ ಮುಗಿಸಿ. ಯಾವ ತಾರೀಕಿಗೆ ಮಾಡಿದ್ದು ಅಂತ ಮೂತಿಯ ಒಳಬದಿಯಲ್ಲಿ ಪೇಂಟ್ ಪೆನ್ನಲ್ಲಿ ಬರೆದಿಟ್ರೆ ಮುಂದಿನ ವರ್ಷ ನೆನಪು ಮಾಡಿಕೊಳ್ಳೋ ಕಷ್ಟ ಇರಲ್ಲ.